ಕೀಟಗಳಿಗೆ ಸಿಟ್ಟು ಎಲ್ಲಿಂದ ಬರುತ್ತದೆ?



ನಾವು ನಿತ್ಯವೂ ಶಾಲೆಗೆ ಬರುವ ದಾರಿಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದು ಇದೆಯಷ್ಟೆ. ಎರಡು ವರ್ಷಗಳ ಹಿಂದೆ, ದೀಪಾವಳಿ ಕಳೆದ ಕೆಲವು ದಿನಗಳಲ್ಲಿ, ಅದರ ಮೇಲಂತಸ್ತಿನ ಸಜ್ಜದ ಅಡಿಯಲ್ಲಿ ಹೆಜ್ಜೇನಿನ ಹಿಂಡೊಂದು ಬಂದು ಹುಟ್ಟು ಕಟ್ಟಿತು. ದೂರದಿಂದ ನೋಡಿದರೆ ಯಾರೋ ಕಪ್ಪು ಕಂಬಳಿಯನ್ನು ಮಡಿಸಿ ನೇತುಹಾಕಿದಂತೆ ತೋರುತ್ತಿತ್ತು. ನಮ್ಮ ಮರಾಠಿ ನೆರೆಹೊರೆಯವರು ಇದನ್ನು 'ಆಗ್ಯಾ ಮೋಹೋಳ' ಎಂದು ಕರೆಯುತ್ತಾರೆ. ಬೆಂಕಿಯಂತಹ ಜೇನು ಎಂದು ಅದರ ಭಾವ. ಆದರೆ ಎರಡು ತಿಂಗಳಿಗೂ ಹೆಚ್ಚು ಕಾಲ ಆ ಬೆಂಕಿ ಯಾರನ್ನೂ ಸುಡಲಿಲ್ಲ. ಕೆಳಗೆ ಕಾಯಿಪಲ್ಲೆ ಮಾರುವ ಅಜ್ಜಿ ಎಂದಿನಂತೆ ಕುಳಿತಿರುತ್ತಿದ್ದರು. ನೀವೂ ಎಂದಿನಂತೆ ಹರಟುತ್ತ ಹೋಗಿಬರುತ್ತಿದ್ದಿರಿ.

ಸಂಕ್ರಾಂತಿಯ ದಿನಗಳಲ್ಲಿ ಗಾಳಿಪಟವೊಂದು ಆ ಸಜ್ಜಕ್ಕೆ ಸಿಕ್ಕಿಕೊಂಡಿತು. ಅದನ್ನು ಬೀಳಿಸಲೆಂದು ಬಾಲಕನೊಬ್ಬ ಕಲ್ಲು ಬೀಸಿದ. ಕಲ್ಲು ಪಟಕ್ಕೆ ತಗುಲದೆ ಹುಟ್ಟಿನ ಅಂಚಿಗೆ ಬಡಿಯಿತು. ಬಾಲಕ ಓಡಿ ಓಣಿಯೊಳಗೆ ಮರೆಯಾದ. ಹುಳುಗಳು ಎರಗಿದುದು ಅಜ್ಜಿಯ ಮೇಲೆ. ಆಕೆ ಸೆರಗಿನಿಂದ ಬೀಸಿಕೊಂಡಷ್ಟೂ ಅವು ಹೆಚ್ಚಾಗಿ ಮುತ್ತಿದವು. ಆಕೆ ಮೂರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ರಾತ್ರಿಯೇ ಕೆಲವರು ಉದ್ದನೆಯ ಕೋಲಿಗೆ ಎಣ್ಣೆಯ ಬಟ್ಟೆ ಸುತ್ತಿ ಹುಟ್ಟಿಗೆ ಬೆಂಕಿಯಿಟ್ಟರು. ಬೆಳಿಗ್ಗೆ ನಾವು ಬಂದಾಗ ಸುಟ್ಟ ಹುಳುಗಳು ರಸ್ತೆಯ ಬದಿಯಲ್ಲಿ ರಾಶಿಯಾಗಿ ಬಿದ್ದಿದ್ದವು.

ಅಂದು ತರಗತಿಯಲ್ಲಿ ಬಾಲಕಿಯೊಬ್ಬಳು ಎದ್ದು ನಿಂತು ಕೇಳಿದಳು: "ಗುರುಗಳೇ, ಇಷ್ಟು ದಿನ ಸುಮ್ಮನಿದ್ದ ಹುಳುಗಳಿಗೆ ನಿನ್ನೆ ಮಾತ್ರ ಯಾಕೆ ಸಿಟ್ಟು ಬಂತು? ಕಲ್ಲು ಹೊಡೆದವನನ್ನು ಬಿಟ್ಟು ಅಜ್ಜಿಯನ್ನು ಯಾಕೆ ಕಚ್ಚಿದವು?"

ಈ ಪ್ರಶ್ನೆಯಿಂದ ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ನಾವು ಶಿರಸಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಮನೆಯ ಹಿತ್ತಿಲಲ್ಲಿ ಅಜ್ಜ ತುಡುವೆ ಜೇನು ಸಾಕಿದ್ದುದನ್ನು ಕಂಡವರು. ಉದ್ಯೋಗಕ್ಕಾಗಿ ಪುಣೆಗೆ ಬಂದ ಮೇಲೆ ಆ ತಿಳಿವಳಿಕೆಯನ್ನು ಊರಿನಲ್ಲೇ ಬಿಟ್ಟು ಬಂದವರಂತೆ ಇದ್ದುಬಿಟ್ಟೆವು. ಹುಟ್ಟು ಕಟ್ಟಿದ ದಿನವೇ ಅದರ ಸ್ವಭಾವವನ್ನು ನಿಮಗೆ ಹೇಳಿಕೊಟ್ಟಿದ್ದರೆ ಅಜ್ಜಿಯೂ ನೋಯುತ್ತಿರಲಿಲ್ಲ, ಜೇನೂ ಸಾಯುತ್ತಿರಲಿಲ್ಲ. ಅಂದು ತಪ್ಪಿದ ಆ ಪಾಠವನ್ನು ಈಗ ಬರೆಯುತ್ತಿದ್ದೇವೆ.

ಸಿಟ್ಟಲ್ಲ, ಸುದ್ದಿ

ಮನುಷ್ಯನು ಹಳೆಯ ಮಾತೊಂದನ್ನು ನೆನೆದು ವರ್ಷಗಳ ಬಳಿಕವೂ ಸಿಟ್ಟಾಗಬಲ್ಲ. ಜೇನುಹುಳು ಹಾಗಲ್ಲ. ಅದರ ಕಾದಾಟ ಆರಂಭವಾಗುವುದು ಇಂದ್ರಿಯಗಳು ತಂದ ಸುದ್ದಿಯಿಂದ. ಕಣ್ಣು, ಮೂಗಿನ ಕೆಲಸ ಮಾಡುವ ಮೀಸೆ, ನಡುಕವನ್ನು ಅರಿಯುವ ಕಾಲು, ಇವು ಹೊತ್ತು ತರುವ ಸುದ್ದಿಗೆ ತಕ್ಕಂತೆ ಅದು ಸುಮ್ಮನಿರುತ್ತದೆ, ಎಚ್ಚರಿಸುತ್ತದೆ, ಇಲ್ಲವೆ ಎರಗುತ್ತದೆ. ಯಾವ ಇಂದ್ರಿಯ ಯಾವ ಸುದ್ದಿಯನ್ನು ತರುತ್ತದೆಂಬುದನ್ನು ಬಲ್ಲವನಿಗೆ ಅದರ 'ಸಿಟ್ಟು' ಬಹುಮಟ್ಟಿಗೆ ಮೊದಲೇ ತಿಳಿಯುತ್ತದೆ.

ಎರಗುವುದೆಂದರೆ ಜೇನಿಗೆ ಸುಲಭದ ಕೆಲಸವಲ್ಲ. ಅದರ ಕೊಂಡಿಗೆ ಹಿಮ್ಮುಖವಾದ ಸಣ್ಣ ಮುಳ್ಳುಗಳಿವೆ. ನಮ್ಮ ಚರ್ಮದಲ್ಲಿ ನಾಟಿದ ಕೊಂಡಿ ಹಿಂದಕ್ಕೆ ಬರುವುದಿಲ್ಲ; ವಿಷದ ಚೀಲದೊಡನೆ ಹುಳುವಿನ ಒಡಲಿನಿಂದಲೇ ಕಿತ್ತುಹೋಗುತ್ತದೆ. ಕುಟುಕಿದ ಹುಳು ಸಾಯುತ್ತದೆ. ಆದುದರಿಂದ ಅದು ಕಾರಣವಿಲ್ಲದೆ ಕುಟುಕುವುದಿಲ್ಲ. ಮೊದಲು ಎಚ್ಚರಿಕೆ ಕೊಡುತ್ತದೆ.

ಕಣ್ಣಿನ ಸುದ್ದಿ

ಹೆಜ್ಜೇನು ಪೊಟರೆಯೊಳಗೆ ಅಡಗಿ ಬಾಳುವ ಜೇನಲ್ಲ. ಒಂದೇ ಒಂದು ದೊಡ್ಡ ಹುಟ್ಟನ್ನು ಬಯಲಿನಲ್ಲಿ, ಮರದ ಕೊಂಬೆಗೋ ಬಂಡೆಯ ಕೆಳಗೋ ಕಟ್ಟಡದ ಸಜ್ಜಕ್ಕೋ ತೂಗುಬಿಡುತ್ತದೆ. ಹುಳುಗಳೇ ಹಲವು ಪದರಗಳಾಗಿ ಅದರ ಮೇಲೆ ಪರದೆ ಕಟ್ಟಿ ಕುಳಿತಿರುತ್ತವೆ. ಹೀಗೆ ಬಯಲಲ್ಲಿರುವ ಮನೆಗೆ ಕಡಜ, ಕಳ್ಳಿಪೀರ, ಜೇನುಗಿಡುಗ ಮೊದಲಾದ ಶತ್ರುಗಳು ಹಲವು. ಕಡಜವೊಂದು ಸಮೀಪಿಸಿತೆನ್ನಿ. ಆಗ ಮೇಲಿನ ಪದರದ ಹುಳುಗಳು ಒಂದರ ಹಿಂದೆ ಒಂದರಂತೆ ತಮ್ಮ ಹೊಟ್ಟೆಯ ತುದಿಯನ್ನು ಸರ್ರನೆ ಮೇಲಕ್ಕೆತ್ತಿ ಇಳಿಸುತ್ತವೆ. ಗಾಳಿ ಬೀಸಿದಾಗ ಜೋಳದ ಹೊಲದ ಮೇಲೆ ಅಲೆ ಸಾಗುವುದಿಲ್ಲವೇ? ಹಾಗೆಯೇ ಕಣ್ಣು ಮಿಟುಕಿಸುವಷ್ಟರಲ್ಲಿ ಹುಟ್ಟಿನ ಮೇಲೆ ಅಲೆಯೊಂದು ಓಡುತ್ತದೆ. ಈ ಅಲೆಗಳು ಕಡಜವನ್ನು ಬೆದರಿಸಿ ಹಿಮ್ಮೆಟ್ಟಿಸುತ್ತವೆಂಬುದನ್ನು ಆಸ್ಟ್ರಿಯಾದ ಗೆರಾಲ್ಡ್ ಕಾಸ್ಟ್‌ಬರ್ಗರ್ ಮತ್ತು ಸಂಗಡಿಗರು ನೇಪಾಳದಲ್ಲಿ ಹೆಜ್ಜೇನನ್ನು ಅಭ್ಯಾಸ ಮಾಡಿ 2008ರಲ್ಲಿ ತೋರಿಸಿಕೊಟ್ಟರು.

ಈ ಅಲೆಯನ್ನು ಎಬ್ಬಿಸುವ ಸುದ್ದಿ ಯಾವುದು? ತಿರುವನಂತಪುರದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಹೇಮಾ ಸೋಮನಾಥನ್ ಅವರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಬೆಳ್ಳನೆಯ ಹಿನ್ನೆಲೆಯ ಮುಂದೆ ಕಪ್ಪು ವಸ್ತುವೊಂದು ಸರಿದರೆ ಹುಟ್ಟಿನಲ್ಲಿ ಅಲೆ ಏಳುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ಬೆಳ್ಳನೆಯ ವಸ್ತು ಸರಿದರೆ ಏಳುವುದಿಲ್ಲ. ವಸ್ತು ತೀರ ಚಿಕ್ಕದಾಗಿದ್ದರೂ ಏಳುವುದಿಲ್ಲ. ಯೋಚಿಸಿ ನೋಡಿರಿ: ಹಗಲಿನ ಆಕಾಶದ ಎದುರಿಗೆ ಹಾರಿಬರುವ ಕಡಜವಾಗಲಿ ಹಕ್ಕಿಯಾಗಲಿ ಕಪ್ಪಾಗಿಯೇ ತಾನೆ ಕಾಣಬೇಕು? ಜೇನಿನ ಕಣ್ಣು ಶತ್ರುವಿನ ಹೆಸರನ್ನು ಅರಿಯದು. ಬೆಳಕಿನ ಮುಂದೆ ಸರಿಯುವ ಕಪ್ಪನ್ನು ಅರಿಯುತ್ತದೆ.

ಇಂಗ್ಲೆಂಡಿನ ಜೆ. ಬಿ. ಫ್ರೀ ಎಂಬ ವಿಜ್ಞಾನಿ ಸಾಕುಜೇನಿನ ಕುಟುಕನ್ನು ಕೆರಳಿಸುವ ಸಂಗತಿಗಳನ್ನು ಕುರಿತು 1961ರಲ್ಲಿ ಬರೆದರು. ಅಲುಗಾಡುವ ವಸ್ತು, ಕಪ್ಪು ಬಣ್ಣ, ಒರಟಾದ ಮೈ, ಪ್ರಾಣಿಯ ವಾಸನೆ, ಇವುಗಳಿಂದ ಕುಟುಕು ಹೆಚ್ಚುತ್ತದೆಂದು ಕಂಡುಬಂದಿತು. ಜೇನುಗೂಡನ್ನು ಲೂಟಿ ಮಾಡಲು ಬರುವ ಕರಡಿಯನ್ನು ನೆನೆದುಕೊಳ್ಳಿರಿ: ಕಪ್ಪು, ರೋಮದ ಮೈ, ಅಲುಗಾಟ, ಬಿಸಿಯುಸಿರು. ನಮ್ಮ ತಲೆಗೂದಲೂ ಜೇನಿನ ಕಣ್ಣಿಗೆ ಕರಡಿಯ ಮೈಯಂತೆಯೇ ಕಾಣುತ್ತಿದ್ದರೆ ಆಶ್ಚರ್ಯವಿಲ್ಲ. ಕೆಂಪು ಬಟ್ಟೆಯೂ ಅದಕ್ಕೆ ಕಪ್ಪಾಗಿ ತೋರುತ್ತದೆ. ಜೇನುಹುಳುಗಳು ಬಣ್ಣವನ್ನು ಗುರುತಿಸಬಲ್ಲವು, ಆದರೆ ಕೆಂಪನ್ನು ಕಾಣಲಾರವು ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ ಎಂಬ ಮಹಾವಿಜ್ಞಾನಿ ಸರಳವಾದ ಪ್ರಯೋಗಗಳಿಂದ ತೋರಿಸಿದ್ದರು. ಅವರಿಗೆ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು.

ಕಾಲಿನ ಸುದ್ದಿ

ಜೇನಿಗೆ ನಮ್ಮಂತಹ ಕಿವಿಗಳಿಲ್ಲ. ಆದರೆ ಅದರ ಕಾಲುಗಳಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ, ನಡುಕವನ್ನು ಅರಿಯುವ ಸೂಕ್ಷ್ಮವಾದ ಅವಯವವೊಂದಿದೆ. ಬೀದಿಯ ಗದ್ದಲ, ಮೋಟಾರುಗಳ ಸದ್ದು, ನಿಮ್ಮ ಹರಟೆ, ಇವೆಲ್ಲ ದಿನವೂ ನಡೆಯುವಂಥವು. ಹುಟ್ಟನ್ನು ಅವು ಅಲುಗಿಸುವುದಿಲ್ಲ. ಕಲ್ಲಿನ ಪೆಟ್ಟಾದರೋ ಹುಟ್ಟಿನ ಮೇಣದ ಮೂಲಕ ಒಮ್ಮೆಗೇ ಸಾವಿರಾರು ಕಾಲುಗಳನ್ನು ಮುಟ್ಟುತ್ತದೆ. ಇಷ್ಟು ದಿನ ಸುಮ್ಮನಿದ್ದ ಹಿಂಡು ಆ ಕ್ಷಣದಲ್ಲಿ ಏಕೆ ಎದ್ದಿತೆಂಬ ಮೊದಲ ಪ್ರಶ್ನೆಗೆ ಇದೇ ಉತ್ತರ.

ವಾಸನೆಯ ಸುದ್ದಿ

ಇನ್ನು ಎರಡನೆಯ ಪ್ರಶ್ನೆ: ಅಜ್ಜಿಯೇ ಏಕೆ?

ಜೇನಿನ ತಲೆಯ ಮೇಲಿರುವ ಎರಡು ಕುಡಿಮೀಸೆಗಳೇ ಅದರ ಮೂಗು. ಕೀಟಗಳು ತಮ್ಮವರಿಗೆ ಸುದ್ದಿ ಮುಟ್ಟಿಸಲು ಒಡಲಿನಿಂದ ಹೊರಸೂಸುವ ದ್ರವ್ಯಗಳಿಗೆ 1959ರಲ್ಲಿ 'ಫೆರೊಮೋನ್' ಎಂಬ ಹೆಸರನ್ನಿಟ್ಟರು. ಜೇನಿನ ಕೊಂಡಿಯ ಬುಡದಲ್ಲಿ ಇಂತಹ ದ್ರವ್ಯವಿದೆ. ಕೊಂಡಿ ನಾಟಿದೊಡನೆ ಅದು ಗಾಳಿಯಲ್ಲಿ ಹರಡಿ, "ಶತ್ರು ಇಲ್ಲಿದ್ದಾನೆ, ಬನ್ನಿ" ಎಂದು ಸಾರುತ್ತದೆ. ಈ ಅಪಾಯದ ವಾಸನೆಯ ಮುಖ್ಯ ಅಂಶ ಐಸೊಅಮೈಲ್ ಅಸಿಟೇಟ್ ಎಂಬುದು 1962ರಲ್ಲಿ ಪತ್ತೆಯಾಯಿತು. ಮಾಗಿದ ಬಾಳೆಯ ಹಣ್ಣಿನ ಪರಿಮಳವನ್ನು ನೀವು ಬಲ್ಲಿರಷ್ಟೆ. ಈ ದ್ರವ್ಯದ ವಾಸನೆಯೂ ಹೆಚ್ಚುಕಡಿಮೆ ಅದೇ. ನಮಗೆ ಹಿತವಾದ ಪರಿಮಳ, ಜೇನಿಗೆ ಯುದ್ಧದ ಕಹಳೆ! ಹೆಜ್ಜೇನಿನಲ್ಲಿ ಇದರ ಜೊತೆಗೆ ಬೇಗನೆ ಆರಿಹೋಗದ ಇನ್ನೊಂದು ದ್ರವ್ಯವೂ ಇದೆ. ಹೆಜ್ಜೇನು ಬಹಳ ಹೊತ್ತು ಬೆನ್ನಟ್ಟುವುದಕ್ಕೆ ಇದೂ ಒಂದು ಕಾರಣ.

ಈಗ ಅಂದಿನ ಘಟನೆಯನ್ನು ಮತ್ತೊಮ್ಮೆ ಕಣ್ಣಮುಂದೆ ತಂದುಕೊಳ್ಳಿರಿ. ಕಲ್ಲೆಸೆದವನು ಕಣ್ಮರೆಯಾಗಿದ್ದ. ಕೆಳಗಿಳಿದ ಹುಳುಗಳ ಎದುರಿಗಿದ್ದವರು ಅಜ್ಜಿ ಒಬ್ಬರೇ: ಗಾಢ ಬಣ್ಣದ ಸೀರೆ, ಗಾಬರಿಯ ಉಸಿರು, ಬೀಸಾಡುವ ಸೆರಗು. ಮೊದಲ ಹುಳು ಕುಟುಕಿದೊಡನೆ ಆಕೆಯ ಮೈಗೆ ವಾಸನೆಯ ಗುರುತು ಅಂಟಿತು. ಎರಡನೆಯ ಹುಳು ಆ ಗುರುತನ್ನು ಹಿಡಿದು ಬಂದಿತು. ಅದೂ ಕುಟುಕಿದಾಗ ಗುರುತು ಇನ್ನಷ್ಟು ಗಾಢವಾಯಿತು. ಹೀಗೆ ಒಂದು ಹತ್ತಾಯಿತು, ಹತ್ತು ನೂರಾಯಿತು. ಕಲ್ಲು ಎಸೆದವರು ಯಾರೆಂಬುದು ಜೇನಿಗೆ ಗೊತ್ತಿರಲಿಲ್ಲ. ಅದು ನ್ಯಾಯ ತೀರಿಸಲು ಬರಲಿಲ್ಲ. ಸುದ್ದಿಯನ್ನು ಹಿಂಬಾಲಿಸಿ ಬಂದಿತು. ಆದುದರಿಂದಲೇ ಹುಟ್ಟಿಗೆ ಕಲ್ಲೆಸೆಯುವವನು ತನ್ನೊಬ್ಬನ ಅಪಾಯವನ್ನು ಮಾತ್ರ ಲೆಕ್ಕಹಾಕಿದರೆ ಸಾಲದು.

ಹೊಗೆ ಏನು ಮಾಡುತ್ತದೆ?

ನಮ್ಮ ಅಜ್ಜ ಜೇನುಪೆಟ್ಟಿಗೆಯ ಮುಚ್ಚಳ ತೆಗೆಯುವ ಮುಂಚೆ ತೆಂಗಿನ ನಾರಿನ ಹೊಗೆಯನ್ನು ಮೆಲ್ಲಗೆ ಊದುತ್ತಿದ್ದರು. ನಮ್ಮ ಕಾಡುಗಳಲ್ಲಿ ಹೆಜ್ಜೇನು ಕೊಯ್ಯುವ ಜೇನುಕುರುಬರೂ ಹೊಗೆಯನ್ನೇ ನೆಚ್ಚುತ್ತಾರೆ. "ಹೊಗೆಗೆ ಜೇನು ಹೆದರುತ್ತದೆ" ಎಂದು ನಾವು ಬಾಲ್ಯದಲ್ಲಿ ತಿಳಿದಿದ್ದೆವು. ಹೊಗೆ ಕಂಡಾಗ ಹುಳುಗಳು ಗೂಡಿನ ಜೇನನ್ನು ಹೀರಿಕೊಳ್ಳಲು ತೊಡಗುವುದು ನಿಜ. ಆದರೆ ಇನ್ನೊಂದು ಸಂಗತಿಯೂ ಇದೆ. 1995ರಲ್ಲಿ ಅಮೆರಿಕದ ಸಂಶೋಧಕರು ಜೇನಿನ ಕುಡಿಮೀಸೆಗಳನ್ನೇ ಪರೀಕ್ಷಿಸಿ, ಹೊಗೆ ತಾಕಿದ ಬಳಿಕ ಅವು ಅಪಾಯದ ವಾಸನೆಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ ಎಂದು ಕಂಡರು. ಸ್ವಲ್ಪ ಹೊತ್ತಾದ ಮೇಲೆ ಆ ಶಕ್ತಿ ಮರಳಿ ಬರುತ್ತದೆ. ಅಂದರೆ ಹೊಗೆ ಜೇನಿನ ಸಿಟ್ಟನ್ನು ಅಡಗಿಸಲಿಲ್ಲ. ಸಿಟ್ಟಿನ ಸುದ್ದಿ ಮುಟ್ಟದಂತೆ ನಡುವೆ ತೆರೆ ಎಳೆಯಿತು. ಅಜ್ಜನಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಆದರೆ ಅವರ ಕೈ ಅದನ್ನು ಬಲ್ಲದಾಗಿತ್ತು.

ಬೆಂಗಳೂರಿನ ಕಣಜ

ವಾಸನೆ ಕಾದಾಟವನ್ನು ಹೊತ್ತಿಸುವುದಷ್ಟೇ ಅಲ್ಲ, ಆರಿಸುವುದೂ ಉಂಟು. ಇದನ್ನು ತಿಳಿಯಲು ಬೆಂಗಳೂರಿಗೆ ಹೋಗಿಬರೋಣ. 1909ರಲ್ಲಿ ಸ್ಥಾಪಿತವಾದ ಅಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ಹಲವು ದಶಕಗಳ ಕಾಲ ಒಂದು ಕಣಜವನ್ನು ಅಭ್ಯಾಸ ಮಾಡಿದ್ದಾರೆ. ಅದರ ಶಾಸ್ತ್ರೀಯ ನಾಮ ರೊಪಾಲಿಡಿಯಾ ಮಾರ್ಜಿನೇಟಾ. ಕಾಗದದಂತಹ ಗೂಡನ್ನು ಮನೆಯ ಸೂರಿನಲ್ಲಿಯೋ ಕಿಟಕಿಯ ಮೂಲೆಯಲ್ಲಿಯೋ ಕಟ್ಟುವ ಕಣಜವಿದು.

ಇದರ ಗೂಡಿನಲ್ಲಿ ಮೊಟ್ಟೆಯಿಡುವವಳು ಒಬ್ಬಳೇ ರಾಣಿ. ರಾಣಿಯೆಂದರೆ ಎಲ್ಲರನ್ನೂ ಗದರಿಸಿ ಆಳುವವಳೆಂದು ನೀವು ಊಹಿಸಬಹುದು. ಆದರೆ ಈಕೆ ಬಹು ಸೌಮ್ಯಳು. ಆಕೆಯನ್ನು ಗೂಡಿನಿಂದ ತೆಗೆದುಬಿಟ್ಟರೆ ಮಾತ್ರ ವಿಚಿತ್ರವೊಂದು ನಡೆಯುತ್ತದೆ. ಕೆಲಸಗಾತಿಯರಲ್ಲಿ ಒಬ್ಬಳು ಬಹು ಬೇಗನೆ ಮಹಾ ಜಗಳಗಂಟಿಯಾಗಿ ಉಳಿದವರ ಮೇಲೆ ಬೀಳತೊಡಗುತ್ತಾಳೆ. ಮುಂದೆ ರಾಣಿಯಾಗುವವಳು ಅವಳೇ. ಮೊಟ್ಟೆಯಿಡತೊಡಗುವ ಹೊತ್ತಿಗೆ ಅವಳೂ ಸೌಮ್ಯಳಾಗಿಬಿಡುತ್ತಾಳೆ!

ರಾಣಿ ಇಲ್ಲವೆಂಬುದು ಅವಳಿಗೆ ತಿಳಿಯುವುದು ಹೇಗೆ? ಸಂಶೋಧಕರು ಗೂಡನ್ನು ಎರಡು ಭಾಗ ಮಾಡಿ ನಡುವೆ ತಂತಿಯ ಜಾಲರಿಯನ್ನಿಟ್ಟರು. ಗಾಳಿ ಜಾಲರಿಯ ಮೂಲಕ ಹಾದುಹೋಗಬಲ್ಲದು. ಆದರೂ ರಾಣಿಯಿಲ್ಲದ ಭಾಗದಲ್ಲಿ ಜಗಳಗಂಟಿ ಎದ್ದಳು. ಆದುದರಿಂದ ರಾಣಿಯ ಇರವನ್ನು ಸಾರುವ ದ್ರವ್ಯ ಗಾಳಿಯಲ್ಲಿ ಹರಡುವಂಥದಲ್ಲವೆಂದಾಯಿತು. ರಾಣಿ ತನ್ನ ಹೊಟ್ಟೆಯ ತುದಿಯನ್ನು ಗೂಡಿಗೆ ಆಗಾಗ ಉಜ್ಜುತ್ತಾಳೆ. ಹಾಗೆ ಉಜ್ಜುವಾಗ ಡುಫೂರ್ ಗ್ರಂಥಿಯೆಂಬ ಗ್ರಂಥಿಯ ದ್ರವ್ಯ ಗೂಡಿಗೆ ಅಂಟುತ್ತದೆಂದು ಅವರು ತೀರ್ಮಾನಿಸಿದರು. ಆ ಗ್ರಂಥಿಯ ರಸವನ್ನು ತಂದೊಡ್ಡಿದಾಗ, ರಾಣಿ ಇಲ್ಲದಿದ್ದರೂ ಜಗಳಗಂಟಿಯ ಆರ್ಭಟ ಇಳಿಯಿತು. ಅಪಾಯದ ವಾಸನೆ ಜೇನನ್ನು ಎಬ್ಬಿಸಿದರೆ, ರಾಣಿಯ ಗುರುತು ಕಣಜವನ್ನು ತಣಿಸಿತು.

ಮುಟ್ಟಿದರೆ ಜಗಳ

ರಾತ್ರಿ ಅಡಿಗೆಮನೆಯ ಮೂಲೆಯಲ್ಲಿ ಕಿರ್ ಎಂದು ಕೂಗುವ ಚಿಮ್ಮಂಡೆಯನ್ನು ನೀವೆಲ್ಲ ಕೇಳಿದ್ದೀರಿ. ಎರಡು ಗಂಡು ಚಿಮ್ಮಂಡೆಗಳು ಎದುರಾದರೆ ಮೊದಲು ತಮ್ಮ ಉದ್ದನೆಯ ಕುಡಿಮೀಸೆಗಳಿಂದ ಒಂದನ್ನೊಂದು ತಡವಿ ನೋಡುತ್ತವೆ. ಆ ಸ್ಪರ್ಶದಿಂದಲೇ ಎದುರಿಗಿರುವುದು ಗಂಡೆಂದು ತಿಳಿದು ಕಾದಾಟಕ್ಕೆ ಇಳಿಯುತ್ತವೆ. ಸೋತದ್ದು ಗಂಟೆಗಟ್ಟಲೆ ಮತ್ತೆ ಜಗಳದ ಗೋಜಿಗೆ ಹೋಗುವುದಿಲ್ಲ. ಚೀನಾ ದೇಶದಲ್ಲಿ ಚಿಮ್ಮಂಡೆಯ ಕಾಳಗ ಶತಮಾನಗಳಷ್ಟು ಹಳೆಯ ವಿನೋದ. ಸೋತ ಹುಳುವನ್ನು ಕೈಯಲ್ಲಿ ಅಲುಗಿಸಿ ಗಾಳಿಯಲ್ಲಿ ತೂರಿದರೆ ಅದು ಮತ್ತೆ ಕಾದಲು ಸಿದ್ಧವಾಗುತ್ತದೆಂದು ಅಲ್ಲಿಯವರು ಬಲ್ಲರು. ಸೋತ ಹುಳು ಸ್ವಲ್ಪ ಹಾರಾಡಿದರೆ ಅದರ ಕೆಚ್ಚು ಮರಳುತ್ತದೆಂದು ಜರ್ಮನಿಯ ಸಂಶೋಧಕರು 2000ರಲ್ಲಿ ಪರೀಕ್ಷಿಸಿ ತೋರಿಸಿದರು. ಇರುವೆಗಳೂ ಅಷ್ಟೇ. ದಾರಿಯಲ್ಲಿ ಎದುರಾದಾಗ ಮೀಸೆ ತಾಗಿಸಿ, ಮೈಮೇಲಿನ ಮೇಣದಂತಹ ಲೇಪದಿಂದ ತಮ್ಮ ಗೂಡಿನವರೋ ಪರರೋ ಎಂದು ಅರಿಯುತ್ತವೆ, ಪರರಾದರೆ ಕಾದಾಟ.

ನಾವು ಕಲಿಯಬೇಕಾದುದು

ಶಿವನೇರಿಯಂತಹ ಕೋಟೆಗಳಲ್ಲಿ ಹೆಜ್ಜೇನು ಪ್ರವಾಸಿಗರ ಮೇಲೆ ಎರಗಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಸಹ್ಯಾದ್ರಿಯ ಬಂಡೆಗಳು ಹೆಜ್ಜೇನಿನ ಮನೆಗಳು. ನಾವು ಅಲ್ಲಿಗೆ ಅತಿಥಿಗಳು. ಆದುದರಿಂದ ಇಷ್ಟನ್ನು ನೆನಪಿನಲ್ಲಿಡಿರಿ.

ಹುಟ್ಟಿಗೆ ಕಲ್ಲೆಸೆಯಬಾರದು, ಕೋಲು ತಾಗಿಸಬಾರದು, ಅದರ ಕೆಳಗೆ ಬೆಂಕಿ ಹಾಕಬಾರದು. ಹುಟ್ಟಿನ ಮೇಲೆ ಅಲೆ ಓಡುವುದನ್ನು ಕಂಡರೆ, ಅದನ್ನು ಎಚ್ಚರಿಕೆಯೆಂದು ತಿಳಿದು ಸದ್ದಿಲ್ಲದೆ ಹಿಂದೆ ಸರಿಯಬೇಕು. ಬೆಟ್ಟ ಹತ್ತುವ ದಿನ ತಿಳಿಬಣ್ಣದ ಉಡುಪು ಒಳ್ಳೆಯದು. ಘಾಟಾದ ಅತ್ತರು ಬೇಡ. ಒಂದೆರಡು ಹುಳು ಸುತ್ತಿದರೆ ಕೈ ಬೀಸದೆ ಮೆಲ್ಲಗೆ ನಡೆದುಹೋಗಬೇಕು. ಆದರೆ ಹಿಂಡೇ ಎರಗಿದರೆ ನಿಲ್ಲಬಾರದು. ಮುಖ ತಲೆಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಓಡಿ ಬಾಗಿಲಿರುವ ಕೋಣೆಯನ್ನೋ ವಾಹನವನ್ನೋ ಸೇರಬೇಕು. ಆ ಬಳಿಕ ನಾಟಿದ ಕೊಂಡಿಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಕಿತ್ತುಬಂದ ಮೇಲೂ ಕೊಂಡಿ ವಿಷವನ್ನು ಒತ್ತುತ್ತಲೇ ಇರುವುದರಿಂದ ಹೇಗೆ ತೆಗೆದೆವೆಂಬುದಕ್ಕಿಂತ ಎಷ್ಟು ಬೇಗ ತೆಗೆದೆವೆಂಬುದೇ ಮುಖ್ಯ. ಹಲವು ಕುಟುಕುಗಳಾದರೆ, ಇಲ್ಲವೆ ಉಸಿರಾಟಕ್ಕೆ ಕಷ್ಟವಾದರೆ, ತುಟಿ ನಾಲಿಗೆ ಊದಿಕೊಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಜೇನನ್ನು ಕುರಿತು ಹೆಚ್ಚಾಗಿ ತಿಳಿಯಬಯಸುವವರು ದೂರ ಹೋಗಬೇಕಾಗಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ನಮ್ಮ ಪುಣೆಯಲ್ಲಿಯೇ, ಗಣೇಶಖಿಂಡ ರಸ್ತೆಯಲ್ಲಿದೆ. ಅದು ಸ್ಥಾಪಿತವಾದುದೂ 1962ರಲ್ಲಿ, ಕೊಂಡಿಯ ವಾಸನೆಯ ಗುಟ್ಟು ಬಯಲಾದ ವರ್ಷದಲ್ಲಿಯೇ.

ಕೊನೆಗೊಂದು ಮಾತು. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುವ ಜೇನು. ಮೆಚ್ಚಿದ ತಾಣಗಳಿಗೆ ವರ್ಷ ವರ್ಷವೂ ಹಿಂಡುಗಳು ಬರುವುದುಂಟು. ಕಳೆದ ಚಳಿಗಾಲದಲ್ಲಿ ಅದೇ ಸಜ್ಜದ ಅಡಿಯಲ್ಲಿ ಮತ್ತೊಂದು ಹಿಂಡು ಬಂದು ಕುಳಿತಿತು. ಈ ಬಾರಿ ನಮ್ಮ ಏಳನೆಯ ತರಗತಿಯವರು ಸುಮ್ಮನಿರಲಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಲಗೆಯೊಂದನ್ನು ಬರೆದು, ಕಟ್ಟಡದವರ ಒಪ್ಪಿಗೆ ಪಡೆದು ಗೋಡೆಗೆ ತೂಗುಹಾಕಿದರು: "ಮೇಲೆ ಹೆಜ್ಜೇನು ಇದೆ. ಕಲ್ಲೆಸೆಯಬೇಡಿ. ಅದು ನಿಮಗೇನೂ ಮಾಡುವುದಿಲ್ಲ." ಅಜ್ಜಿ ತಮ್ಮ ಬುಟ್ಟಿಯನ್ನು ಹತ್ತು ಮಾರು ಆಚೆಗೆ ಸರಿಸಿಕೊಂಡರು. ಸಂಜೆ ಆ ಬುಟ್ಟಿಯನ್ನು ಮನೆಯವರೆಗೆ ಹೊತ್ತುಕೊಂಡು ಹೋಗುವ ಬಾಲಕ ಯಾರೆಂಬುದು ನಿಮಗೆ ಗೊತ್ತು. ನಾವು ಹೆಸರು ಬರೆಯುವುದಿಲ್ಲ. ಆ ಚಳಿಗಾಲವೆಲ್ಲ ಯಾರಿಗೂ ಒಂದು ಕುಟುಕೂ ಆಗಲಿಲ್ಲ. ಮಳೆ ಬೀಳುವ ಮುಂಚೆ, ಒಂದು ಬೆಳಿಗ್ಗೆ ನಾವು ಬರುವಷ್ಟರಲ್ಲಿ, ಜೇನು ಎದ್ದುಹೋಗಿತ್ತು. ಬರಿದಾದ ಮೇಣದ ಹುಟ್ಟು ಮಾತ್ರ ಸಜ್ಜದ ಅಡಿಯಲ್ಲಿ ತೂಗುತ್ತಿತ್ತು.

ಹಲಗೆಯನ್ನು ನಾವು ತೆಗೆದು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಬರುವ ದೀಪಾವಳಿಗೆ ಅದನ್ನು ತೂಗುಹಾಕುವ ಹೊಣೆ ಮುಂದಿನ ಏಳನೆಯ ತರಗತಿಯವರದು.